ಮಾವನ ಶುದ್ಧ ಶಾಕಾಹಾರಿ ದೋಣಿ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ನಾನು ಯಾವತ್ತೂ ಹೇಳಿದವಳಲ್ಲ. ಹಾಗೆ ಹೇಳಲು ಮುಂಬಯಿ ಮಗ್ಗುಲಿನ ಠಾಣೆಯಿಂದ ಕಲ್ಯಾಣದವರೆಗೆ ನಮ್ಮ ನೆಂಟರೇ ಸಾಲುಗಟ್ಟಿ ನಿಂತಿರುವಾಗ ನಾನೇಕೆ ಬಾಯಿ ನೋಯಿಸಿಕೊಳ್ಳಲಿ? ನಾನು ಹೇಳುವುದು ಇಷ್ಟೇ: ಹೆಂಡತಿಯ ವೈಕುಂಠ ಸಮಾರಾಧನೆಯ ದಿನ, ಬಂದವರು ಪಾಯಸ ಉಣ್ಣುತ್ತಿರುವಾಗಲೇ ಎದ್ದುಹೋಗಿ, ಹಗಲು ಬೆಳಕು ಆಚೆಯಿಂದ ಈಚೆಗೆ ಕಾಣುವಂಥ ಹಳೆಯ ಮರದ ದೋಣಿಯೊಂದನ್ನು ಕೊಂಡುಕೊಂಡ ಮನುಷ್ಯ ನಮ್ಮ ಏಳು ತಲೆಮಾರಿನಲ್ಲಿ ಇವರೊಬ್ಬರೇ!

ಮಾವ ಉಡುಪಿಯವರು. ಮಗ್ಗುಲಲ್ಲೇ ಸಮುದ್ರ. ಆದರೂ ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದವರಲ್ಲ. ಠಾಣೆಯ ನೌಪಾಡಾದಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದರು. ಅಲ್ಲಿ ಅವರು ಕಂಡ ಅತಿ ಆಳದ ನೀರೆಂದರೆ ಸಾಂಬಾರಿನ ಕೊಪ್ಪರಿಗೆ. ವಯಸ್ಸಾದ ಮೇಲೆ ಹೋಟೆಲನ್ನು ಪಾಲುದಾರರಿಗೆ ಒಪ್ಪಿಸಿ, ಕಲ್ಯಾಣದ ಖಾಡಿಯ ದಡದಲ್ಲಿದ್ದ ನೆಲಮಹಡಿಯ ಮನೆಯಲ್ಲಿ ಅತ್ತೆಯ ಜೊತೆ ಇದ್ದರು. ಸಮುದ್ರದ ಉಬ್ಬರ ನುಗ್ಗಿ ಬರುವ ಅಗಲವಾದ ಹಿನ್ನೀರಿಗೆ ಇಲ್ಲಿಯವರು ಖಾಡಿ ಅನ್ನುತ್ತಾರೆ. ಅತ್ತೆಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ಠಾಣೆಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು. ಮಾವ ಒಂದು ದಿನವೂ ತಪ್ಪಿಸಿದವರಲ್ಲ.

ತಪ್ಪಿಸಿದ್ದು ಮಳೆ. ಆ ವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಖಾಡಿ ಎದ್ದು ಓಣಿಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಮನೆಯ ಕಿಟಕಿಯವರೆಗೆ ನೀರು. ಅತ್ತೆಯನ್ನು ಎತ್ತಿಕೊಂಡು ಹೋಗಿ ಮೇಲಿನ ಮಹಡಿಯವರ ಮನೆಯಲ್ಲಿ ಕೂರಿಸಿದರು. ಅದು ಡಯಾಲಿಸಿಸ್‌ನ ದಿನ. ಫೋನು ಮಾಡಿದಲ್ಲೆಲ್ಲ ಇವರಿಗಿಂತ ಮೊದಲು ನೂರು ಮಂದಿ ಕೂಗುತ್ತಿದ್ದರು. ಖಾಡಿಯ ಸೇತುವೆ ಮಾತ್ರ ನೀರಿನ ಮೇಲಿತ್ತು; ಅಲ್ಲಿಗೆ ಮುಟ್ಟಿದ್ದರೆ ಭಿವಂಡಿ ಬೈಪಾಸ್ ಹಿಡಿದು ಮಾಜಿವಾಡಾ, ಅಲ್ಲಿಂದ ಆಸ್ಪತ್ರೆ. ಮುಟ್ಟುವುದು ಹೇಗೆ? ಓಣಿಯ ತುದಿಯಲ್ಲಿ ಒಬ್ಬ ಮುದುಕರಿದ್ದರು. ಹಿಂದೆ ಖಾಡಿಯಲ್ಲಿ ದೋಣಿ ನಡೆಸುತ್ತಿದ್ದವರು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ಮಾವ ಮಹಡಿಯಿಂದ ಕೂಗಿ ಕೇಳಿದರಂತೆ. ಕಾಕಾ ತಮ್ಮ ಮಾಡಿನ ಮೇಲೆ ಕುಳಿತಲ್ಲಿಂದಲೇ ಕೈಮುಗಿದರಂತೆ. "ಅಣ್ಣಾ, ದೋಣಿ ಇದೆ. ಸಂದಿಯೆಲ್ಲ ಬಾಯಿಬಿಟ್ಟಿದೆ. ಅತ್ತಿಗೆಯನ್ನು ಕೂರಿಸಿದರೆ ಓಣಿ ದಾಟುವ ಮೊದಲು ಮುಳುಗುತ್ತದೆ" ಎಂದು ಮರಾಠಿಯಲ್ಲಿ ಹೇಳಿದರಂತೆ.

ಮೂರನೆಯ ದಿನ ನೀರು ಇಳಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅತ್ತೆ ಹೋದರು.

ಮಾವ ಯಾರ ಮೇಲೂ ಕೂಗಾಡಲಿಲ್ಲ. ಅದೇ ನಮಗೆಲ್ಲ ಹೆದರಿಕೆ. ಕೂಗಾಡಿದ್ದರೆ ಸಮಾಧಾನ ಹೇಳಬಹುದಿತ್ತು. ದೋಣಿ ಕೊಂಡುಕೊಂಡವರಿಗೆ ಏನು ಹೇಳುವುದು? ನನ್ನ ಅಮ್ಮ, ಅಂದರೆ ಮಾವನ ಅಕ್ಕ, ಡೊಂಬಿವಲಿಯಿಂದ ಅಳುತ್ತ ಬಂದಳು. "ಈಜಲಿಕ್ಕೆ ಬಾರದವನು ದೋಣಿ ತಗೊಂಡದ್ದು ಎಂತಕ್ಕೆ?"

"ಈಜಲಿಕ್ಕೆ ಬರುವವನಿಗೆ ದೋಣಿ ಎಂತಕ್ಕೆ ಅಕ್ಕ?" ಅಂದರು ಮಾವ.

ಉತ್ತರವೇನೋ ಸರಿಯೇ! ಅಮ್ಮ ಇನ್ನಷ್ಟು ಅತ್ತಳು.

ಕಾಕಾರಿಂದ ಕೊಂಡ ಆ ದೋಣಿ ದಡದ ಕೆಸರಿನಲ್ಲಿ ಮಗುಚಿ ಬಿದ್ದಿತ್ತು. ಅದರ ಅಡಿಯಲ್ಲಿ ಮರಿ ಹಾಕಿದ್ದ ನಾಯಿ, ಮಾವ ಹೊಸ ಮಾಲೀಕರೆಂದು ಒಪ್ಪಿಕೊಳ್ಳಲು ಹದಿನೈದು ದಿನ ತೆಗೆದುಕೊಂಡಿತು. ಮರ ಗಟ್ಟಿಯಾಗಿಯೇ ಇತ್ತು, ಹಲಗೆ ಹಲಗೆಯ ನಡುವೆ ತುಂಬಿದ್ದ ಹತ್ತಿ ಮಾತ್ರ ಕೊಳೆತು ಉದುರಿತ್ತು. ಹಳೆಯದನ್ನು ಕೆರೆದು ತೆಗೆಯಬೇಕು, ಹತ್ತಿಯ ಎಳೆಗಳನ್ನು ಎಣ್ಣೆಯಲ್ಲಿ ನೆನೆಸಿ ಹುರಿಮಾಡಬೇಕು, ಮೊಂಡು ಉಳಿಯಿಂದ ಒಂದೊಂದೇ ಬೆರಳಿನಷ್ಟು ಸಂದಿಗೆ ಹೊಡೆದು ಕೂರಿಸಬೇಕು, ಮೇಲೆ ಕರಗಿಸಿದ ರಾಳ ಬಳಿಯಬೇಕು. ಕಾಕಾಗೆ ಕೈ ನಡುಗುತ್ತಿತ್ತು. ಅವರು ಹೇಳಿಕೊಡುವುದು, ಮಾವ ಹೊಡೆಯುವುದು ಎಂದು ಒಪ್ಪಂದವಾಯಿತು. ಹತ್ತಿ ಬಂದದ್ದು ಭಿವಂಡಿಯಿಂದ. ಅಲ್ಲಿನ ಮಗ್ಗಗಳಲ್ಲಿ ಉಳಿಯುವ ತುಂಡುನೂಲನ್ನು ಮಾವ ಗೋಣಿಯಲ್ಲಿ ತುಂಬಿ, ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರು.

ಮೊದಲ ತಿಂಗಳು, ಕೈ ಪಳಗಲೆಂದು, ಒಣ ಹತ್ತಿಯನ್ನೇ ಮಾವ ಹೊಡೆದದ್ದೇ ಹೊಡೆದದ್ದು. ಒಂದು ಸಂದಿಗೆ ಮೂರು ಸಂದಿಯ ಹತ್ತಿ! ಹಲ್ಲು ಕಚ್ಚಿ, ಕಣ್ಣು ಕೆಂಪಗೆ ಮಾಡಿಕೊಂಡು, ಯಾರನ್ನೋ ಕೊಲ್ಲುವವರ ಹಾಗೆ. ಕಾಕಾ ಉಳಿಯನ್ನು ಕಿತ್ತುಕೊಂಡರು. "ಅಣ್ಣಾ, ಪುರೇ, ಸಾಕು! ಮರ ನೀರು ಕುಡಿದು ಉಬ್ಬುತ್ತದೆ. ಇಷ್ಟು ತುರುಕಿದರೆ ಹಲಗೆಯೇ ಸಿಡಿಯುತ್ತದೆ." ಮಾವ ತುರುಕಿದ್ದನ್ನೆಲ್ಲ ಕೆರೆದು ತೆಗೆದರು.

ಆಮೇಲೆ ಎಣ್ಣೆಯ ಪ್ರಶ್ನೆ ಬಂತು. ದೋಣಿಗೆ ಬೇಕಾದ್ದು ಮೀನೆಣ್ಣೆ. "ಮಾಸಳೀಚಂಚ್ ತೇಲ್ ಪಾಯ್ಜೆ" ಎಂದು ಕಾಕಾ ಖಂಡಿತವಾಗಿ ಹೇಳಿದರು. ಮಾವ ಅಷ್ಟೇ ಖಂಡಿತವಾಗಿ ಬೇಡವೆಂದರು. ನಲವತ್ತು ವರ್ಷ 'ಶುದ್ಧ ಶಾಕಾಹಾರಿ' ಎಂಬ ಬೋರ್ಡಿನ ಕೆಳಗೆ ಕುಳಿತವರು ಮೀನೆಣ್ಣೆ ಮುಟ್ಟುವುದುಂಟೇ? ನೌಪಾಡಾದ ಹೋಟೆಲಿನಿಂದ ವಡೆ ಕರಿದು ಉಳಿದ ಎಣ್ಣೆಯನ್ನು ಡಬ್ಬಿಗಟ್ಟಲೆ ತಂದರು. ಹತ್ತಿ ನೆನೆಸಿದರು, ಮೂರು ವಾರ ಹೊಡೆದರು, ಒಂದು ಮಗ್ಗುಲು ಮುಗಿಸಿದರು. ಓಣಿಯೆಲ್ಲ ಉದ್ದಿನವಡೆಯ ಪರಿಮಳ!

ಖಾಡಿಯ ಇಲಿಗಳಿಗೂ ಮೂಗಿದೆಯಷ್ಟೆ. ಎರಡೇ ರಾತ್ರಿಯಲ್ಲಿ ದೋಣಿಯ ಒಂದು ಮಗ್ಗುಲಿನ ಹತ್ತಿಯನ್ನು ಅಡಿಯಿಂದ ಮುಡಿಯವರೆಗೆ ತಿಂದು ಮುಗಿಸಿದವು. ಚಟ್ನಿ ಕೊಡಲಿಲ್ಲವೆಂಬುದೊಂದೇ ಅವುಗಳ ದೂರು ಇದ್ದಿರಬೇಕು! ಮರುದಿನ ನಾನು ಹೋದಾಗ ಮಾವ ಮೂಗಿಗೆ ಟವೆಲು ಕಟ್ಟಿಕೊಂಡು ಮೀನೆಣ್ಣೆಯ ಡಬ್ಬಿಯ ಮುಂದೆ ಕುಳಿತಿದ್ದರು. ನನ್ನ ಮುಖ ನೋಡಿದ್ದೇ, "ನಗಬೇಡ ಮಾರಾಯ್ತಿ. ದೇವರೇ ಮೀನಾಗಿ ಬಂದು ದೋಣಿ ಎಳೆದಿದ್ದಾನೆ. ಎಣ್ಣೆ ಯಾವ ದೊಡ್ಡ ಸಂಗತಿ?" ಅಂದರು. ಅಂದವರು ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡರು.

ಅಂದಿನಿಂದ ಲೋಕಲ್ ಟ್ರೇನಿನಲ್ಲಿ ಮಾವನಿಗೆ ಇಡೀ ಬೆಂಚು ಖಾಲಿ ಸಿಗತೊಡಗಿತು. ಹೋಟೆಲಿಗೆ ಹೋದರೆ ಅಡುಗೆ ಭಟ್ಟರು ಬಾಗಿಲಲ್ಲೇ ತಡೆದು, "ಅಣ್ಣ, ನಿಮಗೆ ಕಾಪಿ ಇಲ್ಲಿಗೇ ತರ್ತೇನೆ. ಗಿರಾಕಿಗಳು ಎದ್ದುಹೋಗಿ ಬೋರ್ಡು ಓದ್ತಿದ್ದಾರೆ" ಅಂದರಂತೆ.

ಮಾವನ ಮಗಳು ಇರುವುದು ನವಿ ಮುಂಬಯಿಯಲ್ಲಿ. ಇಲ್ಲೇ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಮಾತಾಡಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ತಾಯಿ ಹೋದ ಮೇಲೆ ಅಪ್ಪನ ದೋಣಿಯ ಹತ್ತಿರ ಬಂದಿರಲಿಲ್ಲ. ಒಂದು ಭಾನುವಾರ ಬಂದಳು. ದಡದಲ್ಲಿ ನಿಂತು, ನಾವೆಲ್ಲ ನುಂಗಿಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು.

"ಪಪ್ಪಾ, ಇಸ್ ನಾವ್ ಸೆ ಮಮ್ಮೀ ವಾಪಸ್ ಆಯೇಗೀ ಕ್ಯಾ?"

ಮಾವ ಸುತ್ತಿಗೆ ಕೆಳಗಿಟ್ಟರು. "ದೋಣಿಯಿಂದ ನಿನ್ನ ಅಮ್ಮ ವಾಪಸು ಬರೂದಿಲ್ಲ ಮಗಾ. ಅಷ್ಟು ಗೊತ್ತುಂಟು ನಂಗೆ."

"ತೋ ಫಿರ್?"

"ಇಲ್ಲೇ ಆಸುಪಾಸಿನಲ್ಲಿ ಡಯಾಲಿಸಿಸ್‌ನವರು ಐದು ಜನ ಇದ್ದಾರೆ. ಆಸ್ಪತ್ರೆಯಲ್ಲಿ ನಿನ್ನ ಅಮ್ಮನೇ ಗುರ್ತ ಮಾಡಿಕೊಂಡದ್ದು. ಆ ಸಲ ಅವರ ಓಣಿಗೆ ನೀರು ಬರಲಿಲ್ಲ, ಉಳಿದರು. ಇನ್ನೊಂದು ಸಲ ಬರೂದಿಲ್ಲ ಅಂತ ಯಾರು ಹೇಳ್ತಾರೆ?"

ಅವಳು ಚಪ್ಪಲಿ ಕಳಚಿ ಕೆಸರಿಗಿಳಿದಳು. ಗೋಣಿಯಿಂದ ಒಂದು ಹಿಡಿ ನೂಲು ತೆಗೆದು ಹುರಿಮಾಡತೊಡಗಿದಳು. ಮೂಗು ಮುಚ್ಚಿಕೊಳ್ಳಲಿಲ್ಲ. ಆಮೇಲೆ ಎಲ್ಲ ಭಾನುವಾರ ಬಂದಳು.

ದೋಣಿ ಮುಗಿಯುವಷ್ಟರಲ್ಲಿ ಐದು ಜನ ನಾಲ್ಕಾಗಿದ್ದರು. ಮಳೆಯ ತಪ್ಪೇನೂ ಇರಲಿಲ್ಲ. ಒಬ್ಬರು ಸುಡು ಬೇಸಿಗೆಯಲ್ಲಿ, ಆಸ್ಪತ್ರೆಗೆ ವೇಳೆಗೆ ಸರಿಯಾಗಿ ಹೋಗಿ ಬಂದೇ ತೀರಿಕೊಂಡರು. ಮಾವ ಆ ಮನೆಗೆ ಹೋಗಿ ಬಂದು, ಕೈಕಾಲು ತೊಳೆದು, ಅರ್ಧಕ್ಕೆ ಬಿಟ್ಟಿದ್ದ ಸಂದಿಯನ್ನು ಮುಗಿಸಿದರು.

ಜೂನ್ ಹತ್ತಿರ ಬಂದಾಗ ದೋಣಿಯನ್ನು ಸೀದಾ ನಿಲ್ಲಿಸಿ, ಒಳಗೆ ಬಕೆಟುಗಟ್ಟಲೆ ನೀರು ತುಂಬಿಸಿದೆವು. ಎಲ್ಲಿ ಸೋರುತ್ತದೆ ಎಂದು ಹೊರಗಿನಿಂದ ನೋಡುವುದು ಕ್ರಮ. ಏಳು ಕಡೆ ಸೋರಿತು. ಮಾವ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮತ್ತೆ ಹೊಡೆದರು. ಎರಡನೆಯ ಸಲ ಎರಡು ಕಡೆ. ಮೂರನೆಯ ಸಲ ಕಾಕಾ ಹಲಗೆಯ ಉದ್ದಕ್ಕೂ ಅಂಗೈ ಎಳೆದು, ಅಂಗೈಯನ್ನು ಮಾವನಿಗೆ ತೋರಿಸಿದರು. ಒಣಗಿತ್ತು.

ಮರುದಿನ ಉಬ್ಬರದ ಹೊತ್ತಿಗೆ ದೋಣಿಯನ್ನು ನೀರಿಗಿಳಿಸಿದೆವು. ನಡುವಿನಲ್ಲಿ ಮಾವ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹಗ್ಗದಿಂದ ಬಿಗಿದಿದ್ದರು. ನನ್ನತ್ತ ತಿರುಗಿ, "ನೀನು ಕೂತುಕೊ" ಅಂದರು.

"ನಾನೆಂತಕ್ಕೆ ಮಾವ?"

"ನೀನೂ ನಿನ್ನ ಅತ್ತೆಯೂ ಹೆಚ್ಚುಕಮ್ಮಿ ಒಂದೇ ತೂಕ."

ಕುಳಿತೆ. ಕಾಕಾನ ಅಣ್ಣನ ಮಗ, ಗಟ್ಟಿಮುಟ್ಟಾದ ಐವತ್ತರ ಆಸಾಮಿ, ಹುಟ್ಟು ಹಾಕಿದ. ಕಾಕಾ ಮುಂದೆ, ಮಾವ ನನ್ನ ಕಾಲ ಬಳಿ. ಜೀವಮಾನದಲ್ಲಿ ಮೊದಲ ಸಲ ದೋಣಿ ಹತ್ತಿದ ಮಾವನ ಮುಖ ಬಿಳಿಚಿಕೊಂಡಿತ್ತು. ಒಂದು ಕೈಯಲ್ಲಿ ದೋಣಿಯ ಅಂಚು, ಇನ್ನೊಂದರ ಮಣಿಕಟ್ಟಿನಲ್ಲಿ ಗಡಿಯಾರ. ಸೇತುವೆಯ ಕೆಳಗಿನ ಮೆಟ್ಟಿಲಿಗೆ ದೋಣಿ ತಾಗಿದಾಗ ಮಾವ ಗಡಿಯಾರ ನೋಡಿದರು.

"ಮೂವತ್ತೈದು ನಿಮಿಷ" ಅಂದರು.

ಕಾಕಾ ಮುಖ ಮುಚ್ಚಿಕೊಂಡು ಅತ್ತರು. "ಅಣ್ಣಾ, ನಾನು ಆ ವರ್ಷವೇ ಸಂದಿ ತುಂಬಿಸಿದ್ದರೆ..."

ಮಾವ ಅವರ ಬೆನ್ನಿನ ಮೇಲೆ ಕೈಯಿಟ್ಟರು. "ನೀವು ಇದ್ದದ್ದನ್ನು ಹೇಳಿದಿರಿ ಕಾಕಾ. ಸುಳ್ಳು ಹೇಳಿದ್ದರೆ ಓಣಿಯಲ್ಲೇ ಮುಳುಗುತ್ತಿದ್ದೆವು."

ಆಮೇಲೆ ತಾವು ಮೊದಲು ಮೆಟ್ಟಿಲಿಗೆ ಇಳಿದು, ತಿರುಗಿ, ನನ್ನ ಕಡೆ ಎರಡೂ ಕೈ ಚಾಚಿದರು. ನಾನು ದಿನಾ ಬೆಳಿಗ್ಗೆ ಡೊಂಬಿವಲಿಯಲ್ಲಿ ನಿಲ್ಲುವ ಮೊದಲೇ ಟ್ರೇನಿಗೆ ಹಾರುವವಳು. ಒಂದು ಮೆಟ್ಟಿಲು ನನಗೆ ಯಾವ ಲೆಕ್ಕ! ಬೇಡ ಮಾವ, ನಾನೇ ಇಳಿಯುತ್ತೇನೆ ಎಂದು ಬಾಯಿಗೆ ಬಂದಿತ್ತು. ಆದರೆ ಅವರು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಪಾದಗಳನ್ನು ನೋಡುತ್ತಿದ್ದರು.

"ಮೆಲ್ಲ ಇಡು ಕಾಲು. ಅವಸರ ಇಲ್ಲ. ಬಂತು, ಇಷ್ಟೇ, ಬಂದೇಬಿಟ್ಟಿತು."

ನನ್ನ ಪೂರ್ತಿ ಭಾರವನ್ನು ಅವರ ಕೈಗಳ ಮೇಲೆ ಹಾಕಿ, ಮೆಲ್ಲ, ಬಹಳ ಮೆಲ್ಲ, ಇಳಿದೆ.