ಭಾವನ ಮೂಗಿನ ಮೇಲಿನ ಅಂಗಡಿ

ನಮ್ಮ ಭಾವನ ಅಂಗಡಿ ಇರುವುದು ಕೋಲಾರದ ಬಸ್ ಸ್ಟ್ಯಾಂಡ್ ಹಿಂದೆ ಅಂತ ಬೋರ್ಡು ಹೇಳುತ್ತದೆ. ಬೋರ್ಡನ್ನು ನಂಬಬೇಡಿ! ಅವರ ಅಂಗಡಿ ಇರುವುದು ಅವರ ಮೂಗಿನ ಮೇಲೆ.

ಲಗ್ನಪತ್ರಿಕೆ, ನಾಮಕರಣದ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು, ತಿಥಿಯ ಫ್ಲೆಕ್ಸು, ಇವನ್ನೆಲ್ಲ ಡಿಸೈನ್ ಮಾಡಿಕೊಡುವುದು ಅವರ ಕಸುಬು. ಮಾನಿಟರಿನೊಳಗೆ ಮುಖ ತೂರಿಸಿ ಕೂತೂ ಕೂತೂ ಕತ್ತು ಹಿಡಿದುಕೊಂಡಿತು. ಇನ್ನು ಹೀಗೆ ಬಗ್ಗಿ ಕೂರುವ ಹಾಗಿಲ್ಲ ಅಂದರು ಡಾಕ್ಟರು. ಹಾಗಾದರೆ ಅಂಗಡಿ ಮುಚ್ಚಿಬಿಡಿ ಅಂದಳು ಅಕ್ಕ. ಉಸಿರಾಡೋದು ಬಿಡಿ ಅಂದಿದ್ದರೂ ಭಾವ ಅಷ್ಟು ನೊಂದುಕೊಳ್ಳುತ್ತಿರಲಿಲ್ಲವೇನೋ. ಕೆಲವು ದಿನ ಮಾತು ಬಿಟ್ಟರು. ಆಮೇಲೆ ಒಂದು ಬೆಳಿಗ್ಗೆ ಕಪ್ಪು ಕನ್ನಡಕ ಹಾಕಿಕೊಂಡು ಪ್ರತ್ಯಕ್ಷ! ಕಿವಿಯ ಹಿಂದಿನಿಂದ ಒಂದು ವೈರು ಇಳಿದು ಕಂಪ್ಯೂಟರಿಗೆ ಹೋಗಿತ್ತು. ಅದನ್ನು ಹಾಕಿಕೊಂಡರೆ ಗಾಳಿಯಲ್ಲೇ ದೊಡ್ಡ ಪರದೆ ತೇಲುತ್ತದಂತೆ, ಕತ್ತು ಬಗ್ಗಿಸುವ ಮಾತೇ ಇಲ್ಲವಂತೆ.

ಮಾನಿಟರನ್ನೇ ಒಂದಿಷ್ಟು ಎತ್ತರದಲ್ಲಿ ಇಡಬಾರದಿತ್ತೇ ಅಂತ ನೀವು ಕೇಳುತ್ತೀರಿ. ನಾನೂ ಕೇಳಿದೆ.

“ನೀನು ಮೇಷ್ಟ್ರಾಗಿದ್ದೇ ಸರಿಯಾಯ್ತು ಕಣೋ” ಅಂದರು.

ಮಾನಿಟರು ಅಟ್ಟ ಸೇರಿತು. ಭಾವ ಒರಗು ಕುರ್ಚಿಯಲ್ಲಿ ಮಹಾರಾಜರಂತೆ ಕಾಲು ಚಾಚಿ ಕೆಲಸ ಶುರು ಮಾಡಿದರು. ಆದರೆ ಎದುರಿನ ಬಿಳಿ ಗೋಡೆಯ ಮೇಲೆ ಆ ಪರದೆ ಪೇಲವವಾಗಿ ಕಾಣುತ್ತಿತ್ತು. ಕಪ್ಪು ಬೇಕು! ಮನೆಯಲ್ಲಿದ್ದ ಕರಿ ಕಂಬಳಿ ತಂದು ಗೋಡೆಗೆ ಮೊಳೆ ಹೊಡೆದರು. ಮದುವೆ ಕಾರ್ಡು ಮಾಡಿಸಲು ಬಂದವರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಮನೆಯಲ್ಲಿ ಯಾರು ಹೋದರು ಅಂತ ಮೆಲ್ಲಗೆ ವಿಚಾರಿಸತೊಡಗಿದರು.

ಇನ್ನು ನಮ್ಮ ಕಡೆ ಲಗ್ನಪತ್ರಿಕೆ ಅಂದರೆ ಒಬ್ಬರ ಕೆಲಸವೇ? ಇಡೀ ಮನೆತನ ಡಿಸೈನರ್ ಕುರ್ಚಿಯ ಹಿಂದೆ ನಿಂತು, ಗಣಪತಿ ದೊಡ್ಡದಾಗಲಿ, ಸೋದರಮಾವ ಮೇಲೆ ಬರಲಿ ಅಂತ ಅಪ್ಪಣೆ ಕೊಡಬೇಕು. ಮುಳಬಾಗಿಲಿನಿಂದ ಬಂದ ಒಂದು ಕುಟುಂಬ ಹಾಗೇ ನಿಂತಿತು. ನೋಡಿದರೆ ಎದುರಿಗೆ ಕಂಬಳಿ!

“ಏಮಿರಾ ನಾಯನಾ, ಈ ಗೊಂಗಡಿಲೋ ಏಮುಂದಿ?” ಅಂದರು ಹಿರಿಯಜ್ಜಿ. ಈ ಕಂಬಳಿಯಲ್ಲಿ ಏನಪ್ಪಾ ಇದೆ ಅಂತ.

ಕನ್ನಡಕ ತಲೆಯಿಂದ ತಲೆಗೆ ದಾಟಿತು. ಒಬ್ಬರಿಗೆ ಮಸುಕು, ಒಬ್ಬರಿಗೆ ಮೂಗೇ ಸಾಲದು. ಅಜ್ಜಿಯ ಸರದಿ ಬಂದಾಗ ಗಾಳಿಯಲ್ಲಿ ಗಣಪತಿ ಕಂಡನಲ್ಲ, ಕೈ ಮುಗಿದು ಕೂತವರು ಕನ್ನಡಕ ವಾಪಸ್ ಕೊಡಲೊಲ್ಲರು. ಬಂದ ದೇವರನ್ನು ಯಾರಾದರೂ ಕಳಿಸ್ತಾರಾ ಅಂತ ಅವರ ವಾದ. ಕೊನೆಗೆ ಕುಟುಂಬ ಪಕ್ಕದ ಅಂಗಡಿಗೆ ಹೋಯಿತು. ಅಲ್ಲಿ ಮಾನಿಟರ್ ಇತ್ತು.

ಹೀಗೆ ಗಿರಾಕಿಗಳು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿಯುವುದನ್ನು ನೋಡಲಾರದೆ ಅಕ್ಕನೇ ಅಟ್ಟ ಹತ್ತಿದಳು. ಮಾನಿಟರ್ ಇಳಿಸಿ, ಅದರ ಮುಖವನ್ನು ಗಿರಾಕಿಗಳ ಕಡೆ ತಿರುಗಿಸಿ ಇಟ್ಟಳು.

“ಅವರು ಅವರದ್ದು ನೋಡ್ಲಿ, ನೀವು ನಿಮ್ಮದು ನೋಡ್ಕೊಳ್ರೀ. ಇದೂ ಆಗ್ಲಿಲ್ಲ ಅಂದ್ರೆ ಬೀಗ ಹಾಕೋದೇ.”

ಕಂಬಳಿ ಮನೆಗೆ ಹೋಯಿತು. ಈಗ ಗಿರಾಕಿ ಎದುರಿಗೆ ಕೂರುತ್ತಾರೆ, ಭಾವನಿಗೆ ಪರದೆಯ ಮೂಲಕ ಅವರೂ ಕಾಣುತ್ತಾರೆ. ಮದುಮಗಳ ಹಣೆಯ ಮೇಲೆ ಯಾರದೋ ಮೀಸೆ ಕೂತಿರುತ್ತೆ ಅಂತ ಭಾವ ಗೊಣಗುತ್ತಲೇ ಕೆಲಸ ಮಾಡುತ್ತಾರೆ.

ಅಂಥ ಒಂದು ಮಧ್ಯಾಹ್ನ ನಾನೂ ಅಲ್ಲಿದ್ದೆ. ನಂಗಲಿಯಿಂದ ಒಬ್ಬ ತಾತ ಬಂದರು. ಹೆಂಡತಿಯ ತಿಥಿಗೆ ಫ್ಲೆಕ್ಸ್ ಆಗಬೇಕಿತ್ತು. ಅವರ ಹತ್ತಿರ ಇದ್ದದ್ದು ಯಾರದೋ ಮದುವೆಯ ಗ್ರೂಪ್ ಫೋಟೋ ಒಂದೇ. ಭಾವ ಸುತ್ತಲಿದ್ದವರನ್ನೆಲ್ಲ ಕತ್ತರಿಸಿ, ಅಜ್ಜಿಯನ್ನು ಮಾತ್ರ ಉಳಿಸಿ, ಹಿಂದೆ ನೀಲಿ ಆಕಾಶ ಹಾಕಿದರು. ಅಜ್ಜಿಯ ಹೆಗಲ ಮೇಲೆ ಪಕ್ಕದವರ ಕೈಯೊಂದು ಉಳಿದುಕೊಂಡಿತು. ಗ್ರೂಪ್ ಫೋಟೋದಲ್ಲಿ ಇದು ಮಾಮೂಲು. ಅಂಥ ಕೈ ಅಳಿಸುವುದು ಭಾವನಿಗೆ ಕಣ್ಣು ಮಿಟುಕಿಸಿದಷ್ಟು ಸಲೀಸು. ಎರಡು ಬೆರಳು ಅಳಿಸಿಯೂ ಆಯಿತು.

ಆಗ ಮೌಸ್ ನಿಂತಿತು.

ಎದುರಿಗೆ ತಾತ, ಬೈಸಿಕೊಂಡವರ ಹಾಗೆ, ತಮ್ಮ ಬಲಗೈಯನ್ನು ಟವೆಲ್ಲಿನೊಳಗೆ ಎಳೆದುಕೊಳ್ಳುತ್ತಿದ್ದರು.

“ತಾತ, ಇದು ನಿಮ್ಮ ಕೈಯಾ?”

“ಹೂಂ. ಫೋಟೋದವನು ಇಡು ಇಡು ಅಂತ ಇಡ್ಸಿದ. ನಾನಾಗಿ ಯಾವತ್ತೂ ಇಟ್ಟೋನಲ್ಲ ನಾಯನಾ. ನಮ್ಮ ಮುದುಕಿ ಆಗ ನಾಚ್ಕೊಂಡು ನಗ್ತಿತ್ತು. ಪರ್ವಾಗಿಲ್ಲ, ತೆಗೆದುಬಿಡು.”

ಅಳಿಸಿದ ಬೆರಳುಗಳು ಒಂದೊಂದಾಗಿ ವಾಪಸ್ ಬಂದವು.

ಫ್ಲೆಕ್ಸ್ ಪ್ರಿಂಟಾಗಿ ಬಂದಾಗ ಅಕ್ಕ ಬಿಚ್ಚಿ ನೋಡಿ ಗಾಬರಿಯಾದಳು. ಆಕಾಶದಿಂದ ಒಂದು ಒಂಟಿ ಕೈ ಬಂದು ಹೆಗಲ ಮೇಲೆ ಕೂತಿದೆ! ಊರೆಲ್ಲ ನಗುತ್ತದೆ, ಇದಕ್ಕಿಂತ ಅಂಗಡಿ ಮುಚ್ಚುವುದೇ ವಾಸಿ ಅಂದಳು.

ಭಾವ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

“ನಗ್ಲಿ ಬಿಡೇ. ಇಷ್ಟು ವರ್ಷದಲ್ಲಿ ಎಷ್ಟು ಕೈ ಅಳಿಸಿದ್ದೀನೋ. ಆಗೆಲ್ಲಾ ಆ ಕೈಯವರು ನನ್ನ ಬೆನ್ನ ಹಿಂದೆ ನಿಂತಿರ್ತಿದ್ರು, ಮುಖ ಕಾಣ್ತಿರಲಿಲ್ಲ.”

ಅಕ್ಕ ನೆಲಕ್ಕೆ ಕೂತು, ಆ ಕೈ ಇದ್ದ ಕಡೆ ಮಡಿಕೆ ಬೀಳದ ಹಾಗೆ, ಫ್ಲೆಕ್ಸನ್ನು ನಿಧಾನವಾಗಿ ಸುತ್ತತೊಡಗಿದಳು.