ದರ್ಜಿಯ ವೀರನ ಇಪ್ಪತ್ತೊಂಬತ್ತನೆಯ ಸಾವು

ಮಗಳು ಹೊಸ ಟ್ಯಾಬ್ಲೆಟ್ ಕೊಂಡು ಹಳೆಯದನ್ನು ಅಪ್ಪನ ಕೈಗಿಟ್ಟಳು. ಗಡಿಯಾರ ರಿಪೇರಿ ಮಾಡುವ ರಾಯರ ತಲೆಯಲ್ಲಿ ಅವತ್ತೇ ಒಂದು ಮಹಾಯೋಜನೆ ಮೊಳಕೆಯೊಡೆಯಿತು. (ಅಲ್ಲಿ ಮೊಳಕೆಯೊಡೆದದ್ದೆಲ್ಲ ಹೆಂಡತಿಯ ತಲೆಯ ಮೇಲೆ ಬಂದು ಬೀಳುವುದು ಆ ಮನೆಯ ಪದ್ಧತಿ.) ಭಾನುವಾರದ ಆಟವನ್ನು ಇನ್ನು ಮುಂದೆ ಈ ಯಂತ್ರವೇ ನಡೆಸಬೇಕು ಎಂದು ಅವರು ಘೋಷಿಸಿದರು.

ಆಟವೆಂದರೆ ಇಸ್ಪೀಟಲ್ಲ, ಚದುರಂಗವಲ್ಲ. ರಾಯರು ಕಥೆ ಹೇಳುವುದು, ದರ್ಜಿ ಮತ್ತು ಅಂಚೆಯಣ್ಣ ಅದರೊಳಗಿನ ವೀರರಾಗುವುದು. ರಾಕ್ಷಸನ ಗದೆ ತಾಗಿತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತಿತ್ತು: ಸಣ್ಣ ಸಂಖ್ಯೆ ಬಿದ್ದರೆ ಬಚಾವು, ಇಪ್ಪತ್ತು ಬಿದ್ದರೆ ಸಾವು. ರಾಯರು ಅದನ್ನು ಒಂದು ರಟ್ಟಿನ ಮರೆಯಲ್ಲಿ ಉರುಳಿಸಿ ಸಂಖ್ಯೆ ಕೂಗುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು. ಆಗ ಹಳೆಯ ಕ್ಯಾಲೆಂಡರಿನ ಹಿಂಬದಿಯೇ ನಕ್ಷೆ, ದರ್ಜಿಯ ಅಂಗಡಿಯ ಗುಂಡಿಗಳೇ ಸೈನ್ಯ. ಕೋಟಿನ ದೊಡ್ಡ ಗುಂಡಿ ಬಂತೆಂದರೆ ರಾಕ್ಷಸ ಬಂದ ಎಂದೇ ಅರ್ಥ, ಮೂವರ ಎದೆಯೂ ಢವಢವ. ಎಂಥ ಮಧ್ಯಾಹ್ನಗಳು ಅವು!

ಆದರೆ ಅಂಚೆಯಣ್ಣ ಇತ್ತೀಚೆಗೆ ಎರಡು ಭಾನುವಾರ ತಪ್ಪಿಸಿದ್ದ, ಬಂದ ದಿನವೂ ಆಕಳಿಸಿದ್ದ. ಕೂಟ ಮುರಿದರೆ ತನಗೆ ಉಳಿಯುವುದು ಅಂಗಡಿಯ ಟಿಕ್‌ಟಿಕ್ ಮಾತ್ರ ಎಂದು ರಾಯರಿಗೆ ದಿಗಿಲಾಗಿತ್ತು. ಹೊಸ ಯಂತ್ರ ಕಂಡರೆ ಹಳೆಯ ಹುರುಪು ಬರಬಹುದೆಂದು ಹದಿನೈದು ದಿನ ಕೂತು ಕಾಡು, ಕೋಟೆ, ರಾಕ್ಷಸರನ್ನೆಲ್ಲ ಅದಕ್ಕೆ ತುಂಬಿದರು. ಇರುವುದು ಸಾಲದೇ ಎಂದು ಹೆಂಡತಿ ಕೇಳಿದ್ದಕ್ಕೆ, ಕಾಲದ ಜೊತೆ ನಡೆಯಬೇಕು ಎಂದು ಉಪದೇಶ ಮಾಡಿದರು. (ಅಂಗಡಿಯ ಗೋಡೆ ಗಡಿಯಾರ ನಿಂತು ನಾಲ್ಕು ವರ್ಷವಾಗಿತ್ತು.)

ಭಾನುವಾರ ಬಂತು. ನಕ್ಷೆ ಬಣ್ಣಬಣ್ಣವಾಗಿ ಹೊಳೆಯಿತು, ಅಂಚೆಯಣ್ಣ ಕನ್ನಡಕ ಏರಿಸಿದ. ಸೇತುವೆಯ ಮೇಲೆ ರಾಕ್ಷಸ ದರ್ಜಿಯ ವೀರನ ಮೇಲೆರಗಿದ. ರಾಯರು ತೆರೆಯ ಮೇಲಿನ ದಾಳವನ್ನು ಒತ್ತಿದರು. ಮಗಳು ಅದನ್ನು ಹೇಗೆ ಹೊಂದಿಸಿದ್ದಳೋ, ಹೆಣ್ಣು ದನಿಯೊಂದು ಬೀದಿಗೆಲ್ಲ ಕೇಳುವಂತೆ ಸಾರಿತು: ಇಪ್ಪತ್ತು. ವೀರ ಮೃತಪಟ್ಟಿದ್ದಾನೆ.

ದರ್ಜಿಯ ಮುಖ ಇಳಿದುಹೋಯಿತು. ಆ ವೀರನನ್ನು ಅವನು ಮದುವೆಗೆ ಮುಂಚಿನಿಂದ ಸಾಕಿಕೊಂಡು ಬಂದಿದ್ದ. ಎದ್ದು ಚಪ್ಪಲಿ ಹುಡುಕತೊಡಗಿದ. ರಾಯರು ಯಂತ್ರವನ್ನು ಒತ್ತಿದರು, ತಿಕ್ಕಿದರು, ಬೇಡಿಕೊಂಡರು. ಅದು ಜಗ್ಗಲಿಲ್ಲ.

ಪಕ್ಕದಲ್ಲಿ ಬೀನ್ಸ್ ಬಿಡಿಸುತ್ತಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ಅಲ್ಲ ರೀ, ಇಪ್ಪತ್ತೆಂಟು ಸಲ ಸತ್ತವನನ್ನ ಸುಳ್ಳು ಹೇಳಿ ಉಳಿಸಿದ್ರಿ. ಇವತ್ತೇನು ಬಂತು?"

ರಟ್ಟಿನ ಈಚೆ, ತನ್ನ ಪಕ್ಕದಲ್ಲೇ ಕೂತು ಇಷ್ಟು ವರ್ಷ ದಾಳವನ್ನೆಲ್ಲ ನೋಡಿದವಳು ಅವಳೊಬ್ಬಳೇ ಎಂದು ರಾಯರಿಗೆ ಆಗ ಹೊಳೆಯಿತು. ಕೂಟ ಮುಗಿಯಿತು, ಇಷ್ಟು ವರ್ಷದ ಮಾನವೂ ಹೋಯಿತು ಎಂದುಕೊಂಡು ತಲೆ ತಗ್ಗಿಸಿದರು.

"ಇಪ್ಪತ್ತೆಂಟಾ ಅತ್ತಿಗೆ?" ದರ್ಜಿ ಚಪ್ಪಲಿ ಬಿಟ್ಟು ಬಂದು ಕೂತ. "ಎಲ್ಲೆಲ್ಲಿ ಸತ್ತಿದ್ದೆ, ಹೇಳಿ."

ಅವಳು ಹೇಳುತ್ತ ಹೋದಳು. ಬಾವಿಯಲ್ಲಿ ಒಮ್ಮೆ, ಹಾವಿನ ಗುಹೆಯಲ್ಲಿ ಮೂರು ಸಲ, ಮೆಟ್ಟಿಲಲ್ಲಿ ಜಾರಿ ಒಮ್ಮೆ. ಗಂಡ ಮರೆತದ್ದೆಲ್ಲ ಅವಳ ನಾಲಗೆಯ ತುದಿಯಲ್ಲಿತ್ತು. ಗೆಳೆಯರಿಬ್ಬರೂ ಹೊಟ್ಟೆ ಹಿಡಿದು ನಕ್ಕರು, ಕೊನೆಗೆ ಕಣ್ಣೊರೆಸಿಕೊಂಡರು. ರಾಯರ ಕಣ್ಣೂ ಒದ್ದೆಯಾಯಿತು. ಇನ್ನು ಮೇಲೆ ಅತ್ತಿಗೆಯೇ ಕಥೆ ಹೇಳಲಿ, ಪ್ರತಿ ವಾರ ತಪ್ಪದೆ ಬರುತ್ತೇನೆ ಎಂದು ಅಂಚೆಯಣ್ಣ ಠರಾವು ಮಂಡಿಸಿದ. ದರ್ಜಿ ಅನುಮೋದಿಸಿದ. ರಾಯರು ಬೇಡವೆನ್ನಲು ಬಾಯಿ ತೆರೆಯುವುದರೊಳಗೆ ಹೆಂಡತಿ ಅವರ ಕುರ್ಚಿಯಲ್ಲಿದ್ದಳು.

ದರ್ಜಿಯ ವೀರ ಸತ್ತಿರಲಿಲ್ಲ, ಮೂರ್ಛೆ ಹೋಗಿದ್ದನಷ್ಟೇ ಎಂದು ಅವಳು ಯಂತ್ರವನ್ನು ಬದಿಗಿಟ್ಟು, ಹಳೆಯ ರಟ್ಟು, ದಾಳ ತೆಗೆದು ಕಥೆ ಶುರುಮಾಡಿದಳು. ರಾಯರಿಗೂ ಹೊಸದಾಗಿ ಒಬ್ಬ ವೀರನನ್ನು ಕೊಟ್ಟಳು, ಸೇತುವೆಯ ಮೇಲೆ ಎಲ್ಲರಿಗಿಂತ ಮುಂದೆ ನಿಲ್ಲಿಸಿದಳು. ರಾಕ್ಷಸ ಗದೆ ಎತ್ತಿದ. ದಾಳ ಉರುಳಿ ರಟ್ಟಿನ ಆಚೆಗೆ ಇಣುಕಿತು. ರಾಯರು ಕಣ್ಣಾರೆ ಕಂಡರು, ಎರಡು.

ಅವಳು ದಾಳವನ್ನು ಎತ್ತಿಕೊಂಡಳು. "ಇಪ್ಪತ್ತು."

"ಎರಡು ಕಣೇ, ನಾನೇ ನೋಡಿದೆ."

"ಕಥೆ ಹೇಳೋರ ಮಾತೇ ಕೊನೆ ಅಂತ ನೀವೇ ಹೇಳ್ತಿದ್ರಲ್ವಾ?"

ಹೌದೆಂದು ಇಬ್ಬರು ಗೆಳೆಯರೂ ಗಂಭೀರವಾಗಿ ತಲೆಯಾಡಿಸಿದರು.

"ಸತ್ತೋರು ಸುಮ್ನೆ ಕೂರಬಾರದು ರೀ," ಎಂದಳು ಅವಳು, ಕಥೆಯ ಎಳೆ ಬಿಡದೆ. "ಚಹಾದ ಲೋಟ ಎಲ್ಲ ಅಡುಗೆಮನೇಲಿವೆ."