ಯುದ್ಧ ಶುರು ಮಾಡಿದವರು ಯಾರು?

ಇತಿಹಾಸ ಕಲಿಸುವವನ ಬಾಳು ತಣ್ಣಗಿರುತ್ತದೆ ಎಂದು ಜನ ತಿಳಿದಿದ್ದಾರೆ. ಸತ್ತವರ ಜೊತೆ ಏನು ತಕರಾರು ಬರಲು ಸಾಧ್ಯ? ನನ್ನ ಅನುಭವ ಬೇರೆ. ಸತ್ತವರು ಸುಮ್ಮನೇ ಇರುತ್ತಾರೆ, ಅವರ ಮೊಮ್ಮಕ್ಕಳು ಬಿಡುವುದಿಲ್ಲ.

ನಮ್ಮ ಮನೆ ಬಾದಾಮಿಯಲ್ಲಿ. ಸಂಜೆ ಕೆರೆಯ ಮೆಟ್ಟಿಲ ಮೇಲೆ ಕೂತರೆ ಕೆಂಪು ಬಂಡೆ ನೀರಿಗಿಳಿದು ಮೆಲ್ಲಗೆ ಅಲ್ಲಾಡುತ್ತದೆ. ಅದರ ಜೊತೆ ನಾನೂ ಎಲ್ಲೋ ಇಳಿದು ಹೋಗುತ್ತೇನೆ. ಕಣ್ಣು ತೆರೆದೇ ಇರುತ್ತದೆ, ಆಳು ಮಾತ್ರ ಇರುವುದಿಲ್ಲ. ಹೆಂಡತಿ ಭುಜ ಅಲುಗಿಸಿ, "ಈಗ ಯಾವ ಶತಮಾನದಾಗ ಅದೀರಿ?" ಎಂದಾಗ ಮರಳಿ ಬರುತ್ತೇನೆ. ಅಷ್ಟರಲ್ಲಿ ಕೈಯಲ್ಲಿದ್ದ ಚುರಮುರಿ ಖಾಲಿಯಾಗಿರುತ್ತದೆ. ತಿಂದವನು ನಾನೇ ಎಂದು ಅವಳು ಹೇಳುತ್ತಾಳೆ. ನನಗೆ ನೆನಪಿರುವುದಿಲ್ಲ.

ಇಂಥವನ ಹತ್ತಿರ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಳುತ್ತ ಬಂದಳು. ಅವಳದು ಹುನಗುಂದದ ಕಡೆ, ಮಲಪ್ರಭೆಯ ಮೂಡಣ ದಂಡೆಯ ಊರು. ಮೆಚ್ಚಿದ ಹುಡುಗ ಪಡುವಣ ದಂಡೆಯವನು. ಎಂದೋ ರಾಜರ ಕಾಲದಲ್ಲಿ ಎರಡೂ ಊರಿಗೆ ಯುದ್ಧವಾಗಿ, ಅಂದಿನಿಂದ ಹೆಣ್ಣು ಕೊಡುವುದು ತರುವುದು ನಿಂತಿತ್ತು. ಈಗಿನ ಹಿರಿಯರು ಮದುವೆಗೆ ತಯಾರಿದ್ದರು. ಆದರೆ ಯುದ್ಧ ಶುರು ಮಾಡಿದ ಊರಿನವರೇ ಮೊದಲು ಹೊಳೆ ದಾಟಿ ಬಂದು ಎಲೆ ಅಡಿಕೆ ಇಡಬೇಕು ಎಂಬುದು ಇಬ್ಬರದೂ ಹಟ.

"ಸರ, ಯಾರು ಶುರು ಮಾಡಿದ್ರು ಅಂತ ನೀವ ಹುಡುಕಿ ಹೇಳ್ರಿ. ಇಲ್ಲಾಂದ್ರ ನನ್ನ ಲಗ್ನ ಆಗೂದಿಲ್ಲ," ಎಂದಳು.

ಇತಿಹಾಸದಿಂದ ಯಾರಿಗಾದರೂ ಇಷ್ಟು ಅರ್ಜಂಟು ಕೆಲಸ ಬಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಲ್ಲಿನ ಸಾಕ್ಷಿ

ಮೂಡಣ ಊರಿನಲ್ಲಿ ಬೀರಪ್ಪನ ಗುಡಿಯ ಮುಂದೆ ಒಂದು ವೀರಗಲ್ಲಿದೆ. ಒಬ್ಬ ಕತ್ತಿ ಎತ್ತಿ ನಿಂತಿದ್ದಾನೆ, ಅವನ ಹಿಂದೆ ದನಗಳು. ಅಕ್ಷರವೆಲ್ಲ ಸವೆದು ಹೋಗಿದೆ. ಅಲ್ಲಿಯ ಹಿರಿಯರು, "ನಮ್ಮ ದನಾ ಕದ್ದರು, ಯುದ್ಧ ಆತು. ಇನ್ನೇನ ಪುರಾವೆ ಬೇಕ್ರಿ ಮಾಸ್ತರ?" ಎಂದರು.

ಹೊಳೆ ದಾಟಿದೆ. ಪಡುವಣ ಊರಿನಲ್ಲೂ ಅಂಥದೇ ಕಲ್ಲು, ಅಂಥದೇ ಕತ್ತಿ, ಅವೇ ದನಗಳು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕೈಯಿಟ್ಟೆ. ಎಲ್ಲೋ ದನದ ಕೊರಳ ಗಂಟೆ ಕೇಳಿದಂತಾಯಿತು. ಸ್ವಲ್ಪ ಹೊತ್ತು ಆ ದನಗಳ ಹಿಂದೆಯೇ ಹೋದೆ, ಧೂಳೂ ಕುಡಿದೆ. ಮರಳಿ ಎಚ್ಚರಕ್ಕೆ ಬಂದು ಪಡುವಣದ ಹಿರಿಯರನ್ನು ಕೇಳಿದೆ: "ಆ ಊರಿನ ಕಲ್ಲಿನೊಳಗೂ ಇವ ದನಾ ಅದಾವಲ್ರಿ ಹಿರೇರ?"

"ಅದನ್ನ ನಾ ಹೇಳಾಕತ್ತೇನಿ," ಎಂದರು ಅವರು. "ಮೊದಲ ದನಾ ಕದ್ದರು. ಆಮ್ಯಾಲ ದನದ ಚಿತ್ರಾನೂ ಕದ್ದರು!"

ಬಾಯಿಮಾತಿನ ಸಾಕ್ಷಿ

ಯಾರ ಪಕ್ಷವೂ ಅಲ್ಲದವರು ಬೇಕಿತ್ತು. ಇಳಕಲ್ಲಿನಲ್ಲಿ ಒಬ್ಬ ಅಜ್ಜಿ ಇದ್ದಳು, ಎರಡೂ ಊರಿನ ಹೆಣ್ಣುಮಕ್ಕಳಿಗೆ ಸೀರೆ ನೇಯ್ದು ಕೊಟ್ಟವಳು. ಮಗ್ಗದ ಮುಂದೆ ಕೂತು ಕೇಳಿದೆ.

"ದನಾನೂ ಇಲ್ಲ, ಏನೂ ಇಲ್ಲೋ ತಮ್ಮಾ. ರೊಟ್ಟಿ! ಆ ದಂಡಿ ಹೆಣ್ಮಗಳು ಈ ದಂಡಿಗೆ ಬಸುರಿ ಕುಬಸದ ಊಟಕ್ಕ ಬಂದು, 'ನಿಮ್ಮ ರೊಟ್ಟಿ ಭಾಳ ದಪ್ಪ' ಅಂದ್ಲು. ಹತ್ತಿತು ನೋಡು ಬೆಂಕಿ. ಗಂಡಸರಿಗೆ ಹೇಳಾಕ ನಾಚಿಕಿ, ಅದಕ್ಕ ದನಾ ಅಂತಾರ."

ಅಜ್ಜಿ ಹೇಳುತ್ತ ಹೋದಂತೆ ಮಗ್ಗದ ಸದ್ದು ರೊಟ್ಟಿ ತಟ್ಟುವ ಸದ್ದಾಯಿತು, ಒಲೆಯ ಹೊಗೆ ನನ್ನ ಕಣ್ಣಿಗೆ ಬಂತು. ಆ ಹೆಣ್ಣುಮಗಳ ಸೀರೆಯ ಅಂಚು ಕೆಂಪು, ಮೂಗು ಸ್ವಲ್ಪ ಮೇಲೆ. ಇಷ್ಟು ನಿಚ್ಚಳವಾದ ಆಧಾರ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

"ಯವ್ವಾ, ಇದನ್ನ ನಿಮಗ ಯಾರ ಹೇಳಿದ್ರು?"

"ನನಗ ಯಾರ ಹೇಳ್ತಾರ? ನಾನ ಹೇಳಿದ್ದು. ಯಾರರ ಒಬ್ಬರು ಮೊದಲ ಹೇಳಬೇಕಲ್ಲ!"

ಉಸುಕಿನ ಮೇಲೆ ತೀರ್ಪು

ಬೇಸಿಗೆಯಲ್ಲಿ ನೀರು ಇಳಿದು ಹೊಳೆಯ ನಡುವೆ ಉಸುಕು ಬಿದ್ದಿತ್ತು. ಯಾರ ಊರೂ ಅಲ್ಲದ ಅಲ್ಲಿಯೇ ಸಭೆ ಸೇರಿತು. ಹುಡುಗಿ ದಂಡೆಯ ಮೇಲೆ ನಿಂತಿದ್ದಳು. ನನಗೆ ಗೊತ್ತಿದ್ದಷ್ಟನ್ನು ಹೇಳಿದೆ: ಎರಡೂ ಕಲ್ಲಿನಲ್ಲಿ ದನದ ಕೋಡು ಒಂದೇ ರೀತಿ, ವೀರನ ಮೀಸೆಯೂ ಒಂದೇ ರೀತಿ, ಕೆತ್ತಿದ ಕೈ ಒಂದೇ. ಯುದ್ಧ ಶುರು ಮಾಡಿದವರು ಯಾರೆಂದು ಕಲ್ಲು ಹೇಳುವುದಿಲ್ಲ.

ಹಿರಿಯರಿಬ್ಬರೂ ಮುಖ ಮುಖ ನೋಡಿಕೊಂಡರು.

"ಅಂದ್ರ ಎರಡೂ ಕಡೆ ಕೆಲಸಾ ಸಿಕ್ಕಿದ್ದು ಕಲ್ಲು ಕೆತ್ತಿದಾವಂಗ," ಎಂದರು ಮೂಡಣದವರು.

"ಜಗಳಾ ಅವನ ಹಚ್ಚಿಕೊಟ್ಟಿರಬೇಕು! ಕೈಯಾಗ ದಂಧೆ ಇದ್ದಿಲ್ಲ ಮಗನಿಗೆ," ಎಂದರು ಪಡುವಣದವರು.

ಪುರಾವೆ ಇಲ್ಲ ಎನ್ನಲು ಬಾಯಿ ತೆರೆದೆ. ದಂಡೆಯ ಮೇಲೆ ಹುಡುಗಿ ಕೈಮುಗಿದಿದ್ದಳು.

"ಇರಬಹುದು," ಎಂದೆ.

ಅಲ್ಲೇ ಉಸುಕಿನ ಮೇಲೆ ಎಲೆ ಅಡಿಕೆ ಬದಲಾದವು. ಆ ಕಲ್ಲು ಕೆತ್ತಿದವನ ಮೊಮ್ಮಕ್ಕಳು ಯಾರೂ ಸಭೆಯಲ್ಲಿರಲಿಲ್ಲ, ನನ್ನ ಪುಣ್ಯ.

ಕಣ್ಣಾರೆ ಕಂಡ ಸಾಕ್ಷಿ

ಮದುವೆ ಬಾಗಲಕೋಟೆಯಲ್ಲಿ. ಹಿಂದಿನ ದಿನ ಅರಿಷಿಣದ ಊಟಕ್ಕೆ ಇಬ್ಬರು ಹಿರಿಯರ ನಡುವೆ ನನ್ನನ್ನು ಕೂರಿಸಿದರು. ಬಲಕ್ಕೆ ಮೂಡಣದವರು, ಎಡಕ್ಕೆ ಪಡುವಣದವರು. ಹೋಳಿಗೆ ಬಂತು, ತುಪ್ಪ ಬಂತು. ಕಲ್ಲಿನೊಳಗಿನ ಆ ಇಬ್ಬರು ವೀರರೂ ಎದ್ದು ಬಂದು ಕತ್ತಿ ಬದಿಗಿಟ್ಟು ಪಂಕ್ತಿಗೆ ಕೂತಂತೆ ಕಂಡಿತು. ನನಗೆ ತುಂಬ ಸುಖವೆನಿಸಿತು.

ಮರಳಿ ಬಂದಾಗ ಎರಡೂ ಊರು ಎದ್ದು ನಿಂತಿದ್ದವು.

"ನನ್ನ ಎಲಿ ಮ್ಯಾಗಿನ ಹೋಳಿಗಿ ಎಲ್ಲೆ? ಮಾಸ್ತರ ದೇವರಂಥವರು. ಅವರ ಆಚೆ ಕುಂತಾವ ಕೈ ಹಾಕ್ಯಾನ!" ಎಂದು ಮೂಡಣದವರು ಕೂಗುತ್ತಿದ್ದರು.

"ನಾ ಕಳ್ಳನೇನು? ತೊಗೋರಿ ನಿಮ್ಮ ಹುಡುಗೀನ! ಲಗ್ನಾನೂ ಬ್ಯಾಡ, ಏನೂ ಬ್ಯಾಡ!" ಎಂದು ಪಡುವಣದವರು.

ಮುಖದ ತುಂಬ ಅರಿಷಿಣ ಹಚ್ಚಿಕೊಂಡಿದ್ದ ಹುಡುಗಿ ಓಡಿ ಬಂದಳು. "ಸರ, ನೀವ ನಡುವ ಕುಂತಿದ್ರಿ. ಶುರು ಮಾಡಿದವರು ಯಾರು?"

ಜೀವಮಾನದಲ್ಲಿ ಒಂದು ಯುದ್ಧದ ಆರಂಭಕ್ಕೆ ಪ್ರತ್ಯಕ್ಷ ಸಾಕ್ಷಿಯಾಗಿದ್ದೆ. ಆ ಹೊತ್ತಿಗೆ ಸರಿಯಾಗಿ ಚಾಲುಕ್ಯರ ಕಾಲದಲ್ಲಿದ್ದೆ.

"ತಡೀರಿ, ಎಲ್ಲಾ ಇದ್ರಾಗ ಐತಿ," ಎಂದು ವಿಡಿಯೋದವನು ಕ್ಯಾಮೆರಾ ತಂದ. ಎಲ್ಲರೂ ಬಗ್ಗಿ ನೋಡಿದರು. ಬಿಳಿ ಅಂಗಿಯ ಒಬ್ಬ ಮನುಷ್ಯ ಚಪ್ಪರ ನೋಡುತ್ತ ಮುಗುಳ್ನಗುತ್ತಿದ್ದಾನೆ. ಅವನ ಕೈ ಮಾತ್ರ ತಾನಾಗಿಯೇ ಬಲಗಡೆಯ ಎಲೆಗೆ ಹೋಗಿ, ಹೋಳಿಗೆ ಮಡಚಿ, ತುಪ್ಪಕ್ಕೆ ಅದ್ದಿ, ಬಾಯಿಗೆ ಒಯ್ಯುತ್ತಿದೆ. ಬಿಳಿ ಅಂಗಿ ನನ್ನದು.

ಮೊದಲು ಮೂಡಣದವರ ಹೊಟ್ಟೆ ಕುಣಿಯತೊಡಗಿತು, ಆಮೇಲೆ ಪಡುವಣದವರದು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕರು. ಹುಡುಗಿ ನಗುತ್ತ ಅತ್ತಾಗ ಕೆನ್ನೆಯ ಅರಿಷಿಣ ಇಳಿಯಿತು.

ಪಡುವಣದ ಹಿರಿಯರು ಕಣ್ಣೊರೆಸಿಕೊಂಡು ಕೇಳಿದರು: "ಹಂಗಾರ ಮಾಸ್ತರ, ಆ ಹಳೇ ಯುದ್ಧದಾಗೂ ನಡುವ ಒಬ್ಬ ಮಾಸ್ತರ ಕುಂತಿದ್ನೇನ್ರಿ?"

ಪುರಾವೆ ಇಲ್ಲ.

"ಇರಬಹುದು," ಎಂದೆ.